ರನ್‌ವೇ ಆಚೆಗಿನ ನೆಲದ ಪ್ರಶ್ನೆ

ವಿಮಾನ ನಿಲ್ದಾಣದ ವಿಚಾರ ಬಂದಾಗಲೆಲ್ಲ ನಮ್ಮ ಕಡೆ ನಡೆಯುವ ಚರ್ಚೆ ಬಹುಪಾಲು ಹಾರಾಟಕ್ಕೇ ಸೀಮಿತವಾಗಿರುತ್ತದೆ. ಯಾವ ಊರಿಗೆ ಎಷ್ಟು ವಿಮಾನ, ಟಿಕೆಟ್ಟಿನ ದರವೆಷ್ಟು, ನಿಲ್ದಾಣಕ್ಕೆ ಯಾರ ಹೆಸರು ಎಂಬ ಮಾತುಗಳಲ್ಲಿ ವರ್ಷಗಳು ಕಳೆಯುತ್ತವೆ. ನಿಲ್ದಾಣದ ಬೇಲಿಯಿಂದ ಹೊರಗಿರುವ ಹತ್ತಾರು ಹಳ್ಳಿಗಳ ಗದ್ದೆ, ತೋಟ, ಕೆರೆ, ಗೋಮಾಳಗಳ ಭವಿಷ್ಯವನ್ನು ಯಾರು, ಯಾವ ಕಾನೂನಿನ ಪ್ರಕಾರ, ಯಾರನ್ನು ಕೇಳಿ ನಿರ್ಧರಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ಕೇಳಿಬರುವುದೇ ಇಲ್ಲ. ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಶಿವಮೊಗ್ಗದ ಸಮೀಪ ಸೋಗಾನೆಯಲ್ಲಿ 2008ರಲ್ಲಿ ಶಂಕುಸ್ಥಾಪನೆಯಾಗಿ, ಖಾಸಗಿ ಸಹಭಾಗಿತ್ವದ ಒಪ್ಪಂದ ಮುರಿದುಬಿದ್ದು, 2020ರಲ್ಲಿ ಮತ್ತೆ ಕಾಮಗಾರಿ ಆರಂಭಗೊಂಡ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನಗಳು ಬರತೊಡಗಿದವು. ಸುಮಾರು 450 ಕೋಟಿ ರೂಪಾಯಿ ಸಾರ್ವಜನಿಕ ಹಣದಲ್ಲಿ ನಿರ್ಮಾಣವಾದ ಈ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿದೆ. ಬೆಂಗಳೂರನ್ನು ಬಿಟ್ಟರೆ ರಾಜ್ಯದಲ್ಲಿ ಇದಕ್ಕಿಂತ ಉದ್ದದ ರನ್‌ವೇ ಇಲ್ಲವೆಂದು ಉದ್ಘಾಟನೆಯ ಕಾಲದಲ್ಲಿ ಹೆಮ್ಮೆಯಿಂದ ಹೇಳಲಾಯಿತು. ಕುವೆಂಪು ಅವರ ಹೆಸರನ್ನು ಹೊತ್ತ ಈ ನಿಲ್ದಾಣ ಇಂದು ಒಂದು ವಾಸ್ತವ. ಅದನ್ನು ಕಟ್ಟಬೇಕಿತ್ತೇ ಬೇಡವೇ ಎಂಬ ವಾದವನ್ನು ಮತ್ತೆ ಹೂಡುವುದು ಈ ಲೇಖನದ ಉದ್ದೇಶವಲ್ಲ. ತುರ್ತು ಚಿಕಿತ್ಸೆಗಾಗಿ ದೂರದ ನಗರಕ್ಕೆ ಹೋಗಬೇಕಾದ ರೋಗಿಗೂ, ಉದ್ಯೋಗ ಅರಸಿ ಹೊರಟ ಯುವಕನಿಗೂ ಅದರಿಂದ ಅನುಕೂಲ ಇರುವುದನ್ನು ಅಲ್ಲಗಳೆಯಲಾಗದು. ಆದರೆ ಅನುಕೂಲ ಪಡೆಯುವವರು ಒಂದು ಕಡೆ, ಅದರ ಹೊರೆಯನ್ನು ಹೊರುವವರು ಇನ್ನೊಂದು ಕಡೆ ಇರುವಾಗ ಇಬ್ಬರ ನಡುವೆ ನ್ಯಾಯ ಒದಗಿಸಬೇಕಾದದ್ದು ಯೋಜನೆ ಮತ್ತು ಕಾನೂನು. ಆ ಎರಡೂ ನಮ್ಮ ಜಿಲ್ಲೆಯಲ್ಲಿ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ನೋಡುವ ಮೊದಲು ನೆರೆಹೊರೆಯ ಅನುಭವಗಳತ್ತ ಗಮನ ಹರಿಸುವುದು ಒಳ್ಳೆಯದು.

ನಮ್ಮದೇ ಸಹ್ಯಾದ್ರಿಯ ಮಗ್ಗುಲಲ್ಲಿ, ಗೋವಾದ ಪೆಡ್ನೆ ತಾಲ್ಲೂಕಿನ ಮೋಪಾ ಎಂಬಲ್ಲಿ ಜಂಬಿಟ್ಟಿಗೆಯ ಎತ್ತರದ ಬಯಲೊಂದಿತ್ತು. ನೋಡುವವರ ಕಣ್ಣಿಗೆ ಇಂಥ ಬಯಲುಗಳು ಬರಡು ಬಂಡೆಯಂತೆ ಕಾಣುತ್ತವೆ. ವಾಸ್ತವದಲ್ಲಿ ಅವು ಮಳೆನೀರನ್ನು ರಂಧ್ರಗಳಲ್ಲಿ ಹೀರಿಕೊಂಡು, ಬುಡದಲ್ಲಿರುವ ಹಳ್ಳಿಗಳ ಒರತೆಗಳಿಗೆ ಬೇಸಿಗೆಯವರೆಗೂ ನಿಧಾನವಾಗಿ ಬಿಟ್ಟುಕೊಡುವ ನೀರಿನ ಕಣಜಗಳು. ಅಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ 2015ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯದ ಅನುಮತಿ ದೊರೆಯಿತು. ಸ್ಥಳೀಯರು ಅದನ್ನು ಪ್ರಶ್ನಿಸಿದರು. 2019ರ ಮಾರ್ಚ್ 29ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪನ್ನು ಮಲೆನಾಡಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಯೋಜನೆಯ ಅರ್ಜಿಯಲ್ಲಿ ಸುತ್ತಲಿನ ಅರಣ್ಯ ಹಾಗೂ ಸೂಕ್ಷ್ಮ ಪ್ರದೇಶಗಳ ಬಗ್ಗೆ ಕೊಡಲೇಬೇಕಾಗಿದ್ದ ಮಾಹಿತಿಯನ್ನು ಕೊಟ್ಟಿರಲಿಲ್ಲ. ಮರಗಳ ಬಗ್ಗೆ ಹಗುರವಾಗಿ ಬರೆದಿದ್ದ ಅದೇ ಯೋಜನೆಗಾಗಿ ಆಮೇಲೆ 54,676 ಮರಗಳನ್ನು ಕಡಿಯಲು ಅನುಮತಿ ಕೋರಲಾಗಿತ್ತು. ಪರಿಣತರ ಸಮಿತಿ ಈ ಲೋಪಗಳನ್ನು ಗಮನಿಸದೆ, ಕಾರಣಗಳನ್ನು ದಾಖಲಿಸದೆ ಶಿಫಾರಸು ಮಾಡಿತ್ತು. ನ್ಯಾಯಾಲಯ ಪರಿಸರ ಅನುಮತಿಯನ್ನು ಅಮಾನತಿನಲ್ಲಿರಿಸಿ, ಹೊಸದಾಗಿ ಪರಿಶೀಲಿಸುವಂತೆ ಆದೇಶಿಸಿತು.

ಮುಂದೆ ನಡೆದುದನ್ನೂ ಮರೆಮಾಚದೆ ಹೇಳಬೇಕು. ಸಮಿತಿ ಮತ್ತೆ ಸಭೆ ಸೇರಿ ಹೆಚ್ಚಿನ ಷರತ್ತುಗಳೊಂದಿಗೆ ಶಿಫಾರಸು ಮಾಡಿತು. 2020ರ ಜನವರಿಯಲ್ಲಿ ಅಮಾನತು ತೆರವಾಯಿತು. 2023ರ ಜನವರಿಯಿಂದ ಅಲ್ಲಿ ವಿಮಾನಗಳು ಇಳಿಯುತ್ತಿವೆ. ಷರತ್ತುಗಳ ಪಾಲನೆಯನ್ನು ನೋಡಿಕೊಳ್ಳುವ ಹೊಣೆಯನ್ನು ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾ ಸಂಸ್ಥೆಗೆ ಒಪ್ಪಿಸಲಾಯಿತು. ಹಾಗಾದರೆ ಆ ಹೋರಾಟದಿಂದ ಏನಾಯಿತೆಂದು ಕೆಲವರು ಕೇಳಬಹುದು. ಸುಳ್ಳು ಅಥವಾ ಅರೆಬರೆ ಮಾಹಿತಿಯ ಮೇಲೆ ಪಡೆದ ಅನುಮತಿ ಊರ್ಜಿತವಾಗುವುದಿಲ್ಲವೆಂಬ ತತ್ವ ದೇಶದ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಗೊಂಡಿತು. ಹಳ್ಳಿಯವರು ತಮ್ಮ ಊರಿನ ಮರ, ಒರತೆ, ಹಳ್ಳಗಳ ಲೆಕ್ಕವನ್ನು ಸರಿಯಾಗಿ ಇಟ್ಟುಕೊಂಡಿದ್ದರೆ ಅದು ದೆಹಲಿಯ ನ್ಯಾಯಾಲಯದಲ್ಲೂ ನಿಲ್ಲುತ್ತದೆ ಎಂಬುದು ಸಾಬೀತಾಯಿತು. ಕೇರಳದ ಆರನ್ಮುಳದಲ್ಲಿ ಗದ್ದೆ ಬಯಲನ್ನು ಮುಚ್ಚಿ ಕಟ್ಟಲು ಹೊರಟಿದ್ದ ವಿಮಾನ ನಿಲ್ದಾಣದ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2014ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಅದರ ಪರಿಸರ ಅನುಮತಿಯನ್ನೇ ರದ್ದುಪಡಿಸಿತು. ಪರಿಣಾಮ ಅಧ್ಯಯನ ಮಾಡಿದ ಸಂಸ್ಥೆಗೆ ಆ ಕೆಲಸಕ್ಕೆ ಬೇಕಾದ ಅರ್ಹತೆಯೇ ಇರಲಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವೂ ಆ ಆದೇಶವನ್ನು ಎತ್ತಿಹಿಡಿಯಿತು.

ಇವು ನಿಲ್ದಾಣ ಕಟ್ಟುವ ಮೊದಲಿನ ಪಾಠಗಳು. ಕಟ್ಟಿದ ನಂತರದ ಪಾಠಕ್ಕೆ ನಾವು ರಾಜ್ಯದ ಗಡಿ ದಾಟಬೇಕಾಗಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಅದರ ಸುತ್ತಲಿನ ಪ್ರದೇಶಕ್ಕೆಂದೇ ಪ್ರತ್ಯೇಕ ಯೋಜನಾ ಪ್ರಾಧಿಕಾರ ರಚನೆಯಾಗಿತ್ತು. ಚಕ್ಕೋತ, ದ್ರಾಕ್ಷಿ, ರೇಷ್ಮೆ, ತರಕಾರಿಗೆ ಹೆಸರಾಗಿದ್ದ ಸೀಮೆಯ ನೆಲ ಬಡಾವಣೆ, ಉಗ್ರಾಣ, ಕೈಗಾರಿಕಾ ಪ್ರದೇಶಗಳ ಪಾಲಾಗುತ್ತ ಹೋಯಿತು. ಕಡೆಗೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ವೈಮಾನಿಕ ಉದ್ಯಮಗಳ ಹೆಸರಿನಲ್ಲಿ ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ರೈತರು ಧರಣಿ ಕುಳಿತರು. ಮಳೆ, ಬಿಸಿಲು, ಬಂಧನಗಳ ನಡುವೆ 1,198 ದಿನ ಆ ಧರಣಿ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಪ್ರಕ್ರಿಯೆಯನ್ನು ಕೈಬಿಡುವುದಾಗಿ ಘೋಷಿಸಿದರು. ನಿಲ್ದಾಣ ಬಂದು ಹದಿನೇಳು ವರ್ಷಗಳ ನಂತರವೂ ಅದರ ಸುತ್ತಲ ರೈತ ತನ್ನ ಹೊಲವನ್ನು ಕಾಯುತ್ತ ಬೀದಿಯಲ್ಲಿ ಕೂರಬೇಕಾಯಿತು ಎಂಬುದನ್ನು ಸೋಗಾನೆಯ ಸುತ್ತಲಿನವರು ನೆನಪಿನಲ್ಲಿಡಬೇಕು. ರನ್‌ವೇಗೆ ಬೇಕಾಗುವ ಭೂಮಿ ಕೆಲವು ನೂರು ಎಕರೆ. ಅದರ ಬೆನ್ನಿಗೆ ಬರುವ ಬೇಡಿಕೆ ಸಾವಿರಾರು ಎಕರೆಯದು.

ಸೋಗಾನೆಯ ಸುತ್ತಣ ನೆಲ ಎಂಥದು? ತುಂಗೆ ಮತ್ತು ಭದ್ರೆಯರ ನಡುವಿನ ಅರೆಮಲೆನಾಡು ಅದು. ಪಶ್ಚಿಮದ ದಟ್ಟ ಮಳೆ ಇಲ್ಲಿಲ್ಲ. ಪೂರ್ವದ ಬರವೂ ಇಲ್ಲ. ಇಳಿಜಾರಿನ ಕೆಂಪು ಮಣ್ಣು, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ ಮತ್ತು ತೋಟ ಎಂಬ ಹಳೆಯ ವ್ಯವಸ್ಥೆಯೇ ಇಲ್ಲಿಯ ಬೇಸಾಯವನ್ನು ಉಳಿಸಿಕೊಂಡು ಬಂದಿದೆ. ಈ ವ್ಯವಸ್ಥೆಯಲ್ಲಿ ಮೇಲಿನ ನೆಲದಲ್ಲಿ ಆಗುವ ಪ್ರತಿ ಬದಲಾವಣೆಯೂ ಕೆಳಗಿನ ಕೆರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಸರಳ ಲೆಕ್ಕ ನೋಡೋಣ. 3,200 ಮೀಟರ್ ಉದ್ದದ ರನ್‌ವೇ 45 ಮೀಟರ್ ಅಗಲವಿದೆಯೆಂದು ಇಟ್ಟುಕೊಂಡರೆ ಅದರ ವಿಸ್ತೀರ್ಣ 1,44,000 ಚದರ ಮೀಟರ್. ಒಂದೇ ದಿನ 50 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಸುರಿಯುವ ನೀರು 72 ಲಕ್ಷ ಲೀಟರ್. ಹುಲ್ಲುಗಾವಲೋ ಹೊಲವೋ ಆಗಿದ್ದಾಗ ಇದರಲ್ಲಿ ಗಣನೀಯ ಪಾಲು ಮಣ್ಣಿಗೆ ಇಂಗುತ್ತಿತ್ತು. ಈಗ ಹೆಚ್ಚುಕಡಿಮೆ ಎಲ್ಲವೂ ಚರಂಡಿಗೆ ಹರಿಯುತ್ತದೆ. ಇದು ರನ್‌ವೇಯ ಲೆಕ್ಕ ಮಾತ್ರ. ವಿಮಾನ ನಿಲ್ಲುವ ಅಂಗಳ, ಟರ್ಮಿನಲ್, ವಾಹನ ನಿಲುಗಡೆ, ರಸ್ತೆಗಳು, ನಾಳೆ ಬರಲಿರುವ ಬಡಾವಣೆಗಳ ತಾರಸಿಗಳು ಬೇರೆ. ಈ ನೀರು ಯಾವ ಹಳ್ಳಕ್ಕೆ, ಯಾವ ಕೆರೆಗೆ ಸೇರುತ್ತದೆ, ಆ ಕೆರೆಯ ಕೋಡಿ ಅದನ್ನು ತಾಳೀತೇ, ಹರಿವಿನೊಡನೆ ಬರುವ ಹೂಳು ಮತ್ತು ಎಣ್ಣೆಯ ಅಂಶವನ್ನು ತಡೆಯುವ ಏರ್ಪಾಡು ಏನು ಎಂಬುದನ್ನು ಅಚ್ಚುಕಟ್ಟಿನ ಪ್ರತಿಯೊಬ್ಬ ರೈತನೂ ಕೇಳಿ ತಿಳಿಯುವ ಹಕ್ಕುಳ್ಳವನಾಗಿದ್ದಾನೆ.

ಇನ್ನೊಂದು ಸಂಗತಿ ಅಡಿಕೆ ಬೆಳೆಗಾರರಿಗೆ ನೇರವಾಗಿ ಸಂಬಂಧಿಸಿದ್ದು. ವಿಮಾನ ಇಳಿಯುವ ದಾರಿಯಲ್ಲಿ ಯಾವ ಎತ್ತರದ ಅಡ್ಡಿಯೂ ಇರಬಾರದೆಂಬುದಕ್ಕೆ ಅಂತಾರಾಷ್ಟ್ರೀಯ ಮಾನದಂಡಗಳಿವೆ. ಉಪಕರಣಗಳ ನೆರವಿನಿಂದ ನಿಖರವಾಗಿ ಇಳಿಯುವ ದೊಡ್ಡ ರನ್‌ವೇಗಳಲ್ಲಿ, ರನ್‌ವೇಯ ತುದಿಯಿಂದ 60 ಮೀಟರ್ ಆಚೆ ಆರಂಭವಾಗುವ ಕಾಲ್ಪನಿಕ ಇಳಿಜಾರು ಮೊದಲ ಮೂರು ಕಿಲೋಮೀಟರ್‌ನಲ್ಲಿ ನೂರಕ್ಕೆ ಎರಡರಂತೆ ಏರುತ್ತದೆ. ಅಂದರೆ ಸಮತಟ್ಟು ನೆಲದಲ್ಲಿ, ನೇರ ದಾರಿಯಲ್ಲಿ ಒಂದು ಕಿಲೋಮೀಟರ್ ದೂರದ ತೋಟಕ್ಕೆ ಸಿಗುವ ಎತ್ತರ 20 ಮೀಟರ್‌ಗಿಂತಲೂ ಕಡಿಮೆ. ಬಲಿತ ಅಡಿಕೆ ಮರ ಆ ಎತ್ತರವನ್ನು ಮುಟ್ಟಬಲ್ಲದು. ತೆಂಗು ಅದನ್ನು ದಾಟಬಲ್ಲದು. ನೆಲ ಸ್ವಲ್ಪ ಏರಾಗಿದ್ದರಂತೂ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಎತ್ತರ ನಿರ್ಬಂಧದ ಬಗ್ಗೆ 2015ರಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ನಿಯಮಗಳನ್ನು ಹೊರಡಿಸಿದೆ. ಅಡ್ಡಿಯಾದ ಕಟ್ಟಡ, ಮರಗಳನ್ನು ತೆಗೆಸುವುದಕ್ಕೆ 1994ರಲ್ಲೇ ನಿಯಮಗಳು ಬಂದಿವೆ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಸಾಲ ಮಾಡಿ ತೋಟ ಎಬ್ಬಿಸಿದ ಮೇಲೆ ನೋಟಿಸು ಬರುವುದಕ್ಕಿಂತ, ಸಸಿ ನೆಡುವ ಮೊದಲೇ ತನ್ನ ಸರ್ವೆ ನಂಬರಿಗೆ ಅನ್ವಯಿಸುವ ಎತ್ತರದ ಮಿತಿ ರೈತನಿಗೆ ಗೊತ್ತಿರಬೇಕಲ್ಲವೇ? ಬಣ್ಣಗಳ ಮೂಲಕ ವಲಯ ಗುರುತಿಸುವ ಇಂಥ ನಕ್ಷೆಗಳನ್ನು ಕಟ್ಟಡ ಪರವಾನಗಿ ಕೊಡುವ ಕಚೇರಿಗಳಿಗಾಗಿ ಸಿದ್ಧಪಡಿಸುವ ಪದ್ಧತಿ ಇದೆ. ಅವು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ, ಕನ್ನಡದಲ್ಲಿ, ಸರ್ವೆ ನಂಬರುಗಳ ಸಮೇತ ಕಾಣಿಸಬೇಕು.

ಶಬ್ದದ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. 2018ರಲ್ಲಿ ವಿಮಾನ ನಿಲ್ದಾಣಗಳ ಶಬ್ದವಲಯಕ್ಕೆಂದು ಪ್ರತ್ಯೇಕ ಮಿತಿ ನಿಗದಿಯಾಯಿತು. ದಟ್ಟಣೆ ಕಡಿಮೆ ಇರುವ ನಿಲ್ದಾಣಗಳಿಗೆ ಅದು ಹಗಲು 65, ರಾತ್ರಿ 60 ಡೆಸಿಬಲ್. ಹಾಗಾಗಿ ಶಬ್ದವಲಯದ ಗೆರೆ ಯಾವ ಕೇರಿಯ ಮೇಲೆ ಹಾದುಹೋಗುತ್ತದೆ ಎಂಬುದರ ಮೇಲೆ ಆ ಕೇರಿಯ ಜನರಿಗೆ ಸಿಗುವ ಕಾನೂನಿನ ರಕ್ಷಣೆಯೇ ಬದಲಾಗುತ್ತದೆ. ಶಾಲೆ, ಅಂಗನವಾಡಿ, ಆಸ್ಪತ್ರೆಗಳನ್ನು ಈ ಗೆರೆಯೊಳಗೆ ಹೊಸದಾಗಿ ಕಟ್ಟದಂತೆ ನೋಡಿಕೊಳ್ಳಬೇಕಾದದ್ದು ಯೋಜನೆ ಮಾಡುವವರ ಕರ್ತವ್ಯ. ಅದೇ ರೀತಿ, ವಿಮಾನ ನಿಲ್ದಾಣದ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಹಕ್ಕಿಗಳನ್ನು ಆಕರ್ಷಿಸುವಂತೆ ಕಸ ಸುರಿಯುವುದನ್ನು, ಪ್ರಾಣಿವಧೆ ಮಾಡುವುದನ್ನು 1937ರ ವಿಮಾನ ನಿಯಮಗಳ 91ನೇ ನಿಯಮ ನಿಷೇಧಿಸಿತ್ತು. ಎಂಜಿನ್ನಿಗೆ ಹಕ್ಕಿ ಬಡಿದರೆ ಆಗುವ ಅಪಾಯ ಸಣ್ಣದಲ್ಲ. ಆದರೆ ವಿಂಗಡಣೆ, ಗೊಬ್ಬರ ತಯಾರಿಕೆ, ಸುರಕ್ಷಿತ ವಿಲೇವಾರಿಯ ವ್ಯವಸ್ಥೆಯನ್ನು ಪಂಚಾಯಿತಿಗಳಿಗೆ ಒದಗಿಸದೆ ನಿಷೇಧವನ್ನು ಮಾತ್ರ ಹೇರಿದರೆ, ಕಸ ಹತ್ತು ಕಿಲೋಮೀಟರ್ ಗೆರೆಯ ಆಚೆಗಿನ ಕಾಡಂಚಿಗೂ ಹಳ್ಳಕ್ಕೂ ಹೋಗಿ ಬೀಳುತ್ತದೆ. ಕಡೆಗೆ ಗದ್ದೆಯ ಬೆಳ್ಳಕ್ಕಿಯನ್ನೂ ಕೆರೆಯನ್ನೂ ಅಪಾಯದ ಮೂಲವೆಂದು ಕರೆದು ಕೆರೆ ಬತ್ತಿಸುವ ಸಲಹೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಮೇಲೆ ಹೇಳಿದ ನೀರು, ಎತ್ತರ, ಶಬ್ದ, ಕಸ, ಭೂಬಳಕೆಗಳೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿವೆ. ಇವನ್ನೆಲ್ಲ ಒಟ್ಟಾಗಿ ನೋಡುವ ವೇದಿಕೆ ಯಾವುದು? ನಮ್ಮ ಸಂವಿಧಾನ ಅದಕ್ಕೆ ಉತ್ತರ ಕೊಟ್ಟಿದೆ. 74ನೇ ತಿದ್ದುಪಡಿಯ ಮೂಲಕ ಸೇರಿದ 243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಐದನೇ ನಾಲ್ಕು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತ ಸದಸ್ಯರಿಂದಲೇ ಆರಿಸಿ ಬರಬೇಕು. ಹಳ್ಳಿ ಮತ್ತು ಪಟ್ಟಣಗಳಿಗೆ ಸಾಮಾನ್ಯವಾದ ಭೂಬಳಕೆ, ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆ, ಮೂಲಸೌಕರ್ಯದ ಸಮಗ್ರ ಅಭಿವೃದ್ಧಿ, ಪರಿಸರ ಸಂರಕ್ಷಣೆ ಇವುಗಳನ್ನು ಗಮನದಲ್ಲಿಟ್ಟು ಈ ಸಮಿತಿ ಜಿಲ್ಲೆಯ ಕರಡು ಯೋಜನೆಯನ್ನು ರೂಪಿಸಬೇಕು. ವಿಮಾನ ನಿಲ್ದಾಣದ ಸುತ್ತಲಿನ ಸಮಸ್ಯೆಗೆ ಇದಕ್ಕಿಂತ ತಕ್ಕ ವೇದಿಕೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ.

ಆದರೆ ನಡೆದದ್ದೇನು? 2016ರಲ್ಲಿ ಚುನಾಯಿತರಾದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿಗಳ ಕಾರಣ ಹೇಳಿ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಲಾಯಿತು. ಸೋಗಾನೆಯ ಕಾಮಗಾರಿ ಭರದಿಂದ ಸಾಗಿ, ಉದ್ಘಾಟನೆಯಾಗಿ, ಸುತ್ತಲ ಭೂಮಿಯ ಬೆಲೆ ಏರಿದ ಅದೇ ಕಾಲದಲ್ಲಿ ಜಿಲ್ಲಾ ಪಂಚಾಯಿತಿಯಲ್ಲಿ ಜನರ ಪ್ರತಿನಿಧಿಗಳೇ ಇರಲಿಲ್ಲ. ಇನ್ನೊಂದೆಡೆ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿತ್ತು. ಕಾಯುವವರಿಲ್ಲದ ಹೊತ್ತಿನಲ್ಲಿ ಬೇಲಿಯನ್ನೂ ತೆಗೆದಂತಾಯಿತು. ನಕ್ಷೆ ಬರೆಯುವ ಅಧಿಕಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರಗಳದು. ಆ ನಕ್ಷೆಯಲ್ಲಿ ಹೊಲಕ್ಕೆ ಹಳದಿ ಬಣ್ಣ ಬಿದ್ದರೆ ವಸತಿ, ನೇರಳೆ ಬಿದ್ದರೆ ಕೈಗಾರಿಕೆ, ಹಸಿರು ಉಳಿದರೆ ಬೇಸಾಯ. ರೈತನ ಮಕ್ಕಳ ಬದುಕನ್ನು ತಿರುಗಿಸಬಲ್ಲ ಈ ಬಣ್ಣಗಳನ್ನು ತುಂಬುವಾಗ ಗ್ರಾಮಸಭೆಯ ಅಭಿಪ್ರಾಯ ಪಡೆಯುವ ಪರಿಪಾಠವೇ ನಮ್ಮಲ್ಲಿ ಬೆಳೆದಿಲ್ಲ.

ಭಾಷೆಯ ತೊಡಕೂ ಇದರೊಂದಿಗೆ ಸೇರಿದೆ. ಪರಿಣಾಮ ಅಧ್ಯಯನ ವರದಿಗಳು ನೂರಾರು ಪುಟಗಳ ಇಂಗ್ಲಿಷಿನಲ್ಲಿರುತ್ತವೆ. ಕನ್ನಡದಲ್ಲಿ ಸಿಗುವುದು ಕೆಲವು ಪುಟಗಳ ಸಾರಾಂಶ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಅಧಿಸೂಚನೆ ಹೊರಡಿಸಿದಾಗ ಅದನ್ನು ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಿತು. ಪ್ರಾದೇಶಿಕ ಭಾಷೆಗಳಲ್ಲಿ ಪ್ರಚಾರವಾಗಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ ಅಂತಿಮ ಅಧಿಸೂಚನೆಗೆ ತಡೆ ನೀಡಿತು. ತನಗೆ ತಿಳಿಯುವ ಭಾಷೆಯಲ್ಲಿ ಓದಲಾಗದವನು ಆಕ್ಷೇಪಣೆ ಸಲ್ಲಿಸುವುದಾದರೂ ಹೇಗೆ ಎಂಬ ಸರಳ ನ್ಯಾಯವೇ ಆ ವಾದದ ತಿರುಳು. ಅದೇ ನ್ಯಾಯ ಯೋಜನಾ ನಕ್ಷೆಗಳಿಗೂ ಅನ್ವಯಿಸಬೇಕು.

ಹೀಗಿರುವಾಗ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ:

ಒಂದು, ಚುನಾಯಿತ ಜಿಲ್ಲಾ ಯೋಜನಾ ಸಮಿತಿಯ ಮುಂದೆ ಬಂದು ಚರ್ಚೆಯಾಗದೆ ವಿಮಾನ ನಿಲ್ದಾಣದ ಸುತ್ತ ಭೂಬಳಕೆಯ ಯಾವ ದೊಡ್ಡ ಬದಲಾವಣೆಯನ್ನೂ ಮಾಡಕೂಡದು.

ಎರಡು, ಎತ್ತರ ನಿರ್ಬಂಧ ಹಾಗೂ ಶಬ್ದವಲಯಗಳ ನಕ್ಷೆಗಳನ್ನು ಸರ್ವೆ ನಂಬರುಗಳೊಂದಿಗೆ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಪ್ರಕಟಿಸಬೇಕು. ಫಸಲು ಕೊಡುವ ಮರ ಕಡಿಯಬೇಕಾಗಿ ಬಂದರೆ ಅದರ ಉಳಿದ ಆಯಸ್ಸಿನ ಆದಾಯವನ್ನು ಲೆಕ್ಕಹಾಕಿ ಪರಿಹಾರ ಕೊಡಬೇಕು.

ಮೂರು, ನಿಲ್ದಾಣದಿಂದ ಹರಿದುಬರುವ ಮಳೆನೀರಿನ ದಾರಿ, ಅದು ಸೇರುವ ಕೆರೆಗಳ ಸ್ಥಿತಿ, ಸುತ್ತಲಿನ ಬಾವಿಗಳ ನೀರಿನ ಮಟ್ಟ ಮತ್ತು ಗುಣಗಳನ್ನು ಪ್ರತಿವರ್ಷ ಮುಂಗಾರಿನ ಮೊದಲು ಮತ್ತು ನಂತರ ಅಳೆದು ಗ್ರಾಮಸಭೆಗೆ ಒಪ್ಪಿಸಬೇಕು.

ನಾಲ್ಕು, ನೀರಾವರಿಯ ಗದ್ದೆ ಬಯಲು ಮತ್ತು ಕೆರೆ ಅಚ್ಚುಕಟ್ಟುಗಳನ್ನು ಕೃಷಿ ವಲಯವೆಂದು ಶಾಶ್ವತವಾಗಿ ಗುರುತಿಸಬೇಕು. ಬಹುಬೆಳೆಯ ನೀರಾವರಿ ಭೂಮಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಸ್ವಾಧೀನಪಡಿಸಿಕೊಳ್ಳಬಹುದೆಂದು 2013ರ ಭೂಸ್ವಾಧೀನ ಕಾಯ್ದೆಯ 10ನೇ ಕಲಮು ಹೇಳುತ್ತದೆ. ಹಳೆಯ ಕೈಗಾರಿಕಾ ಕಾಯ್ದೆಗಳ ಅಡ್ಡದಾರಿಯಿಂದ ಆ ಆಶಯವನ್ನು ದಾಟಿಹೋಗಲು ಬಿಡಬಾರದು.

ಬೇಡಿಕೆ ಮಂಡಿಸಿ ಸುಮ್ಮನೆ ಕೂತರೆ ಆಗದು. ನಾವು ಮಾಡಬೇಕಾದ ಕೆಲಸವೂ ಇದೆ. ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾನೂನು ಕೊಡುವುದು 60 ದಿನಗಳ ಕಾಲಾವಕಾಶ. ಪರಿಸರ ಸಾರ್ವಜನಿಕ ಅಹವಾಲಿಗೆ ಕೊಡಬೇಕಾದ ಮುನ್ಸೂಚನೆ ಕನಿಷ್ಠ 30 ದಿನ. ಅಷ್ಟು ಕಡಿಮೆ ಅವಧಿಯಲ್ಲಿ ಮಾಹಿತಿ ಕಲೆಹಾಕಲು ಸಾಧ್ಯವಿಲ್ಲ. ಅದು ಮೊದಲೇ ಸಿದ್ಧವಿರಬೇಕು. ಹಳ್ಳಿಯ ಹಿರಿಯರಿಗೆ ಹಳ್ಳದ ಜಾಡು, ಒರತೆ ಬತ್ತುವ ತಿಂಗಳು, ಕೋಡಿ ಹರಿಯುವ ವರ್ಷ, ಹಕ್ಕಿ ಬಂದಿಳಿಯುವ ಗದ್ದೆ ಎಲ್ಲವೂ ಗೊತ್ತು. ಕುವೆಂಪು ವಿಶ್ವವಿದ್ಯಾಲಯದಲ್ಲಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ, ಜಿಲ್ಲೆಯ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳಿಗೆ ಅಳೆಯುವ, ನಕ್ಷೆ ಬರೆಯುವ, ದಾಖಲಿಸುವ ವಿದ್ಯೆ ಗೊತ್ತು. ಈ ಎರಡು ತಿಳಿವಳಿಕೆಗಳು ಒಂದು ಕಡೆ ಕೂತು ಪ್ರತಿ ಊರಿಗೂ ಒಂದು ನೀರಿನ ನಕ್ಷೆ, ಒಂದು ಮರಗಳ ಪಟ್ಟಿ, ಒಂದು ಬಾವಿಗಳ ಲೆಕ್ಕ ತಯಾರಿಸಬೇಕು. ಗ್ರಾಮಸಭೆಯಲ್ಲಿ ಅದನ್ನು ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿಯನ್ನು ಊರಿನಲ್ಲೇ ಇಟ್ಟುಕೊಳ್ಳಬೇಕು. ಮೋಪಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತದ್ದು ಇಂಥ ವಿವರಗಳೇ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಸೋಗಾನೆಯ ಸುತ್ತ ಇನ್ನೂ ಗದ್ದೆಗಳಿವೆ, ಕೆರೆಗಳಿವೆ, ನಾಟಿ ಮಾಡುವ ಕೈಗಳಿವೆ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ತಿಳಿದುಕೊಂಡು, ತಮ್ಮ ಊರಿನ ಸರ್ವೆ ನಕ್ಷೆಯೊಂದಿಗೆ ಅದಕ್ಕೆ ಹಾಜರಾಗಬೇಕೆಂದು ಓದುಗರೆಲ್ಲರಲ್ಲಿ ವಿನಂತಿಸುತ್ತೇವೆ.